ಸೈಕಲ್ ಪ್ರವಾಸ

‘ದೇಶ ಸುತ್ತು, ಕೋಶ ಓದು’ ಎಂಬ ಹಿರಿಯರ ಮಾತನ್ನು ಕೇಳದವರಿಲ್ಲ. ಕೋಶ ಓದುವುದಕ್ಕೆ ಶಾಲೆಯಿದೆ, ಗ್ರಂಥಾಲಯವಿದೆ. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು, ವಾಹನ ಬೇಕು, ದೀರ್ಘವಾದ ಬಿಡುವು ಬೇಕು ಎಂದು ಭಾವಿಸಿ ಅನೇಕರು ಮನೆಯಲ್ಲಿಯೇ ಉಳಿದುಬಿಡುತ್ತಾರೆ. ಆದರೆ ಗೋಡೆಗೆ ಒರಗಿಸಿಟ್ಟ ಸೈಕಲ್ಲೊಂದು ಮನೆಯಲ್ಲಿದ್ದರೆ, ದೇಶ ಸುತ್ತುವ ಕಾರ್ಯವನ್ನು ನಮ್ಮ ತಾಲ್ಲೂಕಿನಿಂದಲೇ ಪ್ರಾರಂಭಿಸಬಹುದು. ಬಸ್ಸಿನ ಕಿಟಕಿಯಿಂದ ಕಂಡ ಊರು ಕ್ಷಣದಲ್ಲಿ ಮರೆಯಾಗುತ್ತದೆ. ಕಾಲ್ನಡಿಗೆಯಲ್ಲಿ ಹೊರಟರೆ ದಿನವೆಲ್ಲ ನಡೆದರೂ ನಾಲ್ಕಾರು ಊರುಗಳನ್ನು ದಾಟಲಾಗದು. ಇವೆರಡರ ನಡುವಣ ಹಿತವಾದ ವೇಗ ಸೈಕಲ್ಲಿನದು.

ಈ ವಾಹನದ ಇತಿಹಾಸ ಇನ್ನೂರು ವರ್ಷಗಳಿಗೆ ತುಸು ಮೇಲ್ಪಟ್ಟದ್ದು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು ಎರಡು ಮರದ ಗಾಲಿಗಳ ಒಂದು ಯಂತ್ರವನ್ನು ರಚಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ಕಾಲುಗಳಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬುವನು ಹೆಚ್ಚುಕಡಿಮೆ ಸಮನಾದ ಗಾಲಿಗಳೂ ಹಿಂದಿನ ಗಾಲಿಗೆ ಚೈನೂ ಇರುವ ಸೈಕಲ್ಲನ್ನು ಸಿದ್ಧಪಡಿಸಿದನು. 1888ರಲ್ಲಿ ಡನ್‌ಲಪ್ ಎಂಬಾತನು ಗಾಳಿ ತುಂಬಿದ ಟಾಯರನ್ನು ಬಳಕೆಗೆ ತಂದನು. ಇಂದು ನಮ್ಮ ಹಳ್ಳಿಯ ಹಾಲಿನವನು ಏರುವ ಸೈಕಲ್ಲಿನ ಮೂಲರೂಪ ಅಂದೇ ಸಿದ್ಧವಾಯಿತು. 1923ರಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಇಂಥ ಸೈಕಲ್ಲುಗಳನ್ನೇರಿ ಪ್ರಪಂಚ ಪರ್ಯಟನೆಗೆ ಹೊರಟರು. ಅವರಲ್ಲಿ ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ಕ್ರಮಿಸಿ 1928ರಲ್ಲಿ ತಾಯ್ನಾಡಿಗೆ ಮರಳಿದರು.

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಮತ್ತು ಅಥಣಿ ಎಂಬ ಐದು ತಾಲ್ಲೂಕುಗಳಿವೆ. ಸೈಕಲ್ಲಿನ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ನೆಲ ದೊರೆಯುವುದು ಕಷ್ಟ. ನಿಪ್ಪಾಣಿಯ ಬಳಿಯ ಸ್ತವನಿಧಿಯ ಗುಡ್ಡಗಳನ್ನು ಬಿಟ್ಟರೆ ಹೆಚ್ಚಿನ ಏರುಗಳಿಲ್ಲ. ತಂಬಾಕಿನ ಹೊಲಗಳಿಂದ ಹೊರಟವನು ಕಬ್ಬಿನ ತೋಟಗಳನ್ನು ಹಾಯ್ದು, ಕೃಷ್ಣೆಯನ್ನು ದಾಟಿ, ಅಥಣಿಯ ಜೋಳದ ಬಯಲನ್ನು ಸೇರುತ್ತಾನೆ. ನಿಪ್ಪಾಣಿಯಿಂದ ಚಿಕ್ಕೋಡಿ ಸುಮಾರು 25 ಕಿಲೋಮೀಟರು. ಅಲ್ಲಿಂದ ರಾಯಬಾಗ; ಮುಂದೆ ಮಾಯಕ್ಕದೇವಿಯ ಚಿಂಚಲಿ; ಅದರಾಚೆ ಕುಡಚಿ. ಕುಡಚಿಯಲ್ಲಿ ಕೃಷ್ಣೆಯನ್ನು ದಾಟಿದರೆ ಸಕ್ಕರೆ ಕಾರ್ಖಾನೆಯ ಉಗಾರ, ಬಳಿಕ ಶೇಡಬಾಳ, ಕಾಗವಾಡ. ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಶಿವಯೋಗಿಗಳ ಗಚ್ಚಿನಮಠವಿರುವ, ಚರ್ಮದ ಚಪ್ಪಲಿಗಳಿಗೆ ಹೆಸರಾದ ಅಥಣಿ. ಒಟ್ಟು ದಾರಿ ನೂರು ಕಿಲೋಮೀಟರಿಗೆ ಮೇಲ್ಪಟ್ಟದ್ದು. ಸಾಮಾನ್ಯ ಸೈಕಲ್ಲು ಗಂಟೆಗೆ ಹನ್ನೆರಡು ಕಿಲೋಮೀಟರು ಸಾಗುವುದೆಂದು ಹಿಡಿದರೂ, ನಿಂತು ನೋಡುವ ವೇಳೆಯನ್ನು ಕಳೆದು, ದಿನಕ್ಕೆ ಮೂವತ್ತೈದು ಕಿಲೋಮೀಟರಿಗಿಂತ ಹೆಚ್ಚಿನ ಗುರಿಯನ್ನು ಹೊಸಬರು ಇಟ್ಟುಕೊಳ್ಳಬಾರದು. ನಾಲ್ಕು ದಿನಗಳ ಪ್ರವಾಸವೆಂದು ಎಣಿಸುವುದು ಕ್ಷೇಮ. ಹಿರಿಯರೊಬ್ಬರು ಜೊತೆಯಲ್ಲಿರಬೇಕು, ಯಾವ ದಿನ ಯಾವ ಊರಿನಲ್ಲಿರುವೆವೆಂಬುದು ಮನೆಯವರಿಗೆ ತಿಳಿದಿರಬೇಕು.

ಹೊರಡುವ ಮೊದಲು ಸೈಕಲ್ಲನ್ನು ಪರೀಕ್ಷಿಸಬೇಕು. ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು. ಅದಕ್ಕಿಂತ ಸೀಟು ತಗ್ಗಾಗಿದ್ದರೆ ಮೊಳಕಾಲು ನೋಯುತ್ತದೆ; ಎತ್ತರವಾಗಿದ್ದರೆ ಸೊಂಟ ಅತ್ತಿತ್ತ ಹೊರಳುತ್ತದೆ. ಬ್ರೇಕುಗಳೆರಡೂ ಹಿಡಿಯುತ್ತವೆಯೇ, ಚೈನಿಗೆ ಎಣ್ಣೆಯಿದೆಯೇ, ಗಾಲಿಯ ಕಡ್ಡಿಗಳು ಬಿಗಿಯಾಗಿವೆಯೇ ಎಂಬುದನ್ನು ನೋಡಬೇಕು. ಟಾಯರಿನಲ್ಲಿ ಗಾಳಿ ಕಡಿಮೆಯಿದ್ದರೆ ತುಳಿಯುವ ಶ್ರಮ ಹೆಚ್ಚುವುದಲ್ಲದೆ, ಕಲ್ಲಿಗೆ ತಗುಲಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ತೂತಾಗುತ್ತದೆ. ಹಿಂದುಗಡೆ ಬೆಳಕನ್ನು ಪ್ರತಿಫಲಿಸುವ ಕೆಂಪು ಗಾಜು ಇರಲೇಬೇಕು. ತಲೆಗೆ ಶಿರಸ್ತ್ರಾಣವನ್ನು ಧರಿಸುವುದು ವಿವೇಕ. ಸಾಮಾನನ್ನು ಹ್ಯಾಂಡಲಿಗೆ ತೂಗಹಾಕಬಾರದು. ಕ್ಯಾರಿಯರಿನ ಎರಡು ಬದಿಗೂ ಸಮತೂಕವಾಗಿ, ಆದಷ್ಟು ತಗ್ಗಿನಲ್ಲಿ ಕಟ್ಟಬೇಕು. ಒಂದು ಜೊತೆ ಬಟ್ಟೆ, ಹೊದಿಕೆ, ನೀರು, ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ—ಇಷ್ಟಿದ್ದರೆ ಸಾಕು. ಬೇಕೆನಿಸಿದ್ದನ್ನೆಲ್ಲ ಹೇರಿಕೊಂಡವನು ಮೊದಲ ಏರಿನಲ್ಲಿಯೇ ತನ್ನ ತಪ್ಪನ್ನು ಅರಿಯುತ್ತಾನೆ.

ಪಂಕ್ಚರ್ ತಿದ್ದುವ ವಿದ್ಯೆಯನ್ನು ಮನೆಯಲ್ಲಿಯೇ ಕಲಿತಿರಬೇಕು. ಪಂಪು, ಪಾನಾ, ಉಪ್ಪುಕಾಗದ, ಸೊಲ್ಯೂಷನ್, ರಬ್ಬರಿನ ತುಂಡುಗಳು—ಇವು ಒಂದು ಸಣ್ಣ ಚೀಲದಲ್ಲಿ ಹಿಡಿಯುತ್ತವೆ. ಟ್ಯೂಬನ್ನು ಹೊರತೆಗೆದು, ಗಾಳಿ ತುಂಬಿ, ನೀರಿನಲ್ಲಿ ಅದ್ದಿದರೆ ಗುಳ್ಳೆಗಳು ಏಳುವ ಕಡೆ ತೂತು ಕಾಣುತ್ತದೆ. ಆ ಸ್ಥಳವನ್ನು ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ತುಸು ಆರಿದ ಮೇಲೆ ರಬ್ಬರಿನ ತುಂಡನ್ನು ಒತ್ತಿ ಅಂಟಿಸಬೇಕು. ಆರುವ ಮುನ್ನವೇ ಅಂಟಿಸುವ ಆತುರಗಾರನು ಅದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ. ಟ್ಯೂಬನ್ನು ಮರಳಿ ಸೇರಿಸುವ ಮೊದಲು ಟಾಯರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಬೇಕು. ತೂತು ಮಾಡಿದ ಜಾಲಿಯ ಮುಳ್ಳು ಅಲ್ಲಿಯೇ ಕುಳಿತಿರುವುದುಂಟು.

ಪ್ರವಾಸಕ್ಕೆ ಕಾಲವನ್ನು ಆರಿಸುವುದೂ ಒಂದು ವಿವೇಕ. ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪಾದ ದಿನಗಳು ಉತ್ತಮ. ಬೇಸಗೆಯ ಬಿಸಿಲು ಅಥಣಿಯ ಬಯಲಿನಲ್ಲಿ ಸವಾರನನ್ನು ಬಳಲಿಸುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಯ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರುವಂತೆ ಮಾಡುತ್ತದೆ. ಆ ಕಾಲದಲ್ಲಿ ಗಾಳಿಯೂ ಪಶ್ಚಿಮದಿಂದ ಬಲವಾಗಿ ಬೀಸುವುದರಿಂದ, ಪೂರ್ವಕ್ಕೆ ಹೋಗುವಾಗ ಹಗುರವೆನಿಸಿದ ದಾರಿ ಮರಳುವಾಗ ಇಮ್ಮಡಿಯಾದಂತೆ ತೋರುತ್ತದೆ.

ಚಳಿಗಾಲಕ್ಕೂ ತನ್ನದೇ ಆದ ಅಪಾಯವೊಂದಿದೆ. ಅದು ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗಳ ಕಡೆಗೆ ಸಾಲಾಗಿ ಸಾಗುತ್ತವೆ. ಹಿಂದಿನ ಟ್ರೇಲರು ತಿರುವಿನಲ್ಲಿ ಒಳಬದಿಗೆ ಸರಿಯುತ್ತದೆ. ಹೇರಿನಿಂದ ಹೊರಚಾಚಿದ ಕಬ್ಬಿನ ಜಲ್ಲೆ ಸವಾರನ ಮುಖಕ್ಕೆ ತಗುಲಬಹುದು. ಹಾಗೆಂದು ಟ್ರೇಲರಿನ ಹಿಂಬದಿಯನ್ನು ಹಿಡಿದು ತುಳಿಯದೆ ಸಾಗುವ ಹುಡುಗರನ್ನು ನಾನು ಕಂಡಿದ್ದೇನೆ. ಅದು ಜಾಣತನವಲ್ಲ, ಪ್ರಾಣದೊಡನೆ ಆಡುವ ಜೂಜು. ಟ್ರ್ಯಾಕ್ಟರಿನ ಸಪ್ಪಳ ಕೇಳಿದೊಡನೆ ರಸ್ತೆಯ ಎಡಬದಿಗೆ ಇಳಿದು ನಿಂತು ಅದನ್ನು ಮುಂದೆ ಬಿಡುವುದೇ ಸರಿ. ರಸ್ತೆಯ ಮೇಲೆ ಬಿದ್ದ ರವದಿ ಮಂಜಿನಲ್ಲಿ ನೆನೆದು ಜಾರುವುದರಿಂದ ಅದರ ಮೇಲೆ ಒಮ್ಮೆಲೆ ಬ್ರೇಕು ಹಾಕಬಾರದು. ಸೂರ್ಯ ಮುಳುಗುವ ಮೊದಲೇ ಊರು ಸೇರಬೇಕು. ದಾರಿಬದಿಯ ಕಿಲೋಮೀಟರಿನ ಕಲ್ಲುಗಳೂ ನಮಗೆ ಬುದ್ಧಿ ಹೇಳುತ್ತವೆ. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು. ಅಲ್ಲಿ ಲಾರಿಗಳ ಸಂಚಾರ ಹೆಚ್ಚು. ಹಸಿರು ತಲೆಯದು ರಾಜ್ಯ ಹೆದ್ದಾರಿ. ಇವೆರಡನ್ನೂ ಆದಷ್ಟು ಬಿಟ್ಟು ಹಳ್ಳಿಯ ರಸ್ತೆಗಳನ್ನು ಹಿಡಿಯುವುದು ಸೈಕಲ್ ಸವಾರನಿಗೆ ಕ್ಷೇಮ. ದಣಿದವನು ರೈಲನ್ನು ಆಶ್ರಯಿಸುವುದಾದರೆ ಒಂದು ಮಾತು ನೆನಪಿರಲಿ: ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವು ಚಿಕ್ಕೋಡಿಯಲ್ಲಿಲ್ಲ, ಊರಿನಿಂದ ಬಹುದೂರದಲ್ಲಿದೆ.

ಇವೆಲ್ಲವೂ ಹೇಳಿ ಕಲಿಸಬಹುದಾದ ಸಂಗತಿಗಳು. ಸೈಕಲ್ಲಿನ ಮೇಲೆ ನಾನು ಕಲಿತ ಮುಖ್ಯವಾದ ಪಾಠವೊಂದನ್ನು ಮಾತ್ರ ಒಂದು ಹೊಳೆ ಕಲಿಸಿತು.

ನಾನು ಶಿಕ್ಷಕ ವೃತ್ತಿಗೆ ಹೊಸದಾಗಿ ಸೇರಿದ್ದ ಕಾಲ. ಶ್ರಾವಣದ ಒಂದು ಭಾನುವಾರ ನಾನೂ ನನ್ನ ಗೆಳೆಯನೂ ದೂಧಗಂಗೆಯ ಆಚೆಯ ಹಳ್ಳಿಯಲ್ಲಿದ್ದ ಮಿತ್ರನೊಬ್ಬನ ಮನೆಗೆ ಊಟಕ್ಕೆಂದು ಸೈಕಲ್ಲಿನಲ್ಲಿ ಹೊರಟೆವು. ಆಕಾಶ ತಿಳಿಯಾಗಿತ್ತು. ಮೂರು ದಿನಗಳಿಂದ ನಮ್ಮಲ್ಲಿ ಹನಿ ಮಳೆಯೂ ಬಿದ್ದಿರಲಿಲ್ಲ. ಆದರೆ ಹೊಳೆಯ ದಡಕ್ಕೆ ಬಂದಾಗ ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಅಂಚಿನ ಕಲ್ಲುಗಳ ತಲೆಗಳು ಇನ್ನೂ ಕಾಣುತ್ತಿದ್ದವು. ನೀರು ಮೊಳಕಾಲಿಗಿಂತ ಹೆಚ್ಚಿರಲಾರದೆಂದು ನಮಗೆ ತೋರಿತು. ಆಚೆಯ ದಡದ ಹಳ್ಳಿಯ ಮನೆಗಳು ಕಣ್ಣಿಗೆ ಕಾಣುತ್ತಿದ್ದವು. ನನ್ನ ಗೆಳೆಯನು ಪ್ಯಾಂಟನ್ನು ಮಡಚಿ, ಸೈಕಲ್ಲನ್ನು ಕೈಯಲ್ಲಿ ಹಿಡಿದು ನೀರಿಗೆ ಕಾಲಿಟ್ಟೇಬಿಟ್ಟನು. ನಾನೂ ಅವನ ಹಿಂದೆ ಹೊರಡಲಿದ್ದೆ.

ದಡದ ಮೇಲೆ ಎಮ್ಮೆಗಳನ್ನು ಕಾಯುತ್ತಿದ್ದ ಮುದುಕನೊಬ್ಬನು ಕೂಗಿದನು:

“ಎಲ್ಲಿಗಿ ಹೊಂಟೀರೆಪಾ?”

“ಆಚಿ ದಂಡೀಗ್ರಿ, ಅಜ್ಜಾರ. ನೀರ ಬಾಳ ಇಲ್ಲಲ್ರಿ, ನಡಕೋತ ದಾಟತೇವಿ” ಎಂದನು ಗೆಳೆಯ.

“ನೀರ ಎಷ್ಟೈತಿ ಅನ್ನೂದು ಕಾಣತೈತಿ, ತಮ್ಮಾ. ನೀರಿನ ಕೆಳಗ ಏನೈತಿ ಅನ್ನೂದು ಕಾಣತೈತೇನು? ಹೊಳಿ ಇಳೀಲಿ. ಬಾ, ಹೊರಳಿ ಬಾ.”

ಗೆಳೆಯನಿಗೆ ಹೊರಳುವ ಮನಸ್ಸಿರಲಿಲ್ಲ. ಅಷ್ಟು ದೂರ ತುಳಿದು ಬಂದು, ಎದುರಿಗೆ ಕಾಣುವ ಊರನ್ನು ಸೇರದೆ ಮರಳುವುದು ಅವನಿಗೆ ಅವಮಾನವೆನಿಸಿತು. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಎನಿಸಿತ್ತು. ಆದರೆ ಮುದುಕನು ತಾನೇ ನೀರಿನ ಅಂಚಿಗೆ ಬಂದು ಸೈಕಲ್ಲಿನ ಕ್ಯಾರಿಯರನ್ನು ಹಿಡಿದುಕೊಂಡು ನಿಂತುಬಿಟ್ಟನು. ಹಿರಿಯನ ಕೈಯನ್ನು ಕೊಸರಿಕೊಂಡು ಹೋಗುವ ಧೈರ್ಯ ನಮಗಾಗಲಿಲ್ಲ. ಒಂದು ಗಂಟೆಯೊಳಗೆ ಅಂಚಿನ ಕಲ್ಲುಗಳು ಮುಳುಗಿದವು. ಅಂದು ಮುದುಕನ ಮನೆಯಲ್ಲಿಯೇ ರೊಟ್ಟಿ ತಿಂದು ಊರಿಗೆ ಮರಳಿದೆವು. ವಾರದ ಬಳಿಕ, ನೀರು ಇಳಿದ ಮೇಲೆ, ಮತ್ತೆ ಅಲ್ಲಿಗೆ ಹೋದೆವು. ಸೇತುವೆ ನಿಂತಿತ್ತು. ಆದರೆ ಅದರ ಆಚೆಯ ತುದಿಗೆ ಕೂಡುವ ರಸ್ತೆ ಕೊಚ್ಚಿಹೋಗಿ ಆಳಿಗಿಂತ ಆಳವಾದ ಗುಂಡಿ ಬಿದ್ದಿತ್ತು. ಗೆಳೆಯನು ಬಹಳ ಹೊತ್ತು ಆ ಗುಂಡಿಯನ್ನೇ ನೋಡುತ್ತ ನಿಂತನು. ನಾವಿಬ್ಬರೂ ಏನನ್ನೂ ಮಾತನಾಡಲಿಲ್ಲ.

ಮಳೆಯಿಲ್ಲದೆ ಹೊಳೆ ಏರಿದ್ದು ಹೇಗೆ? ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕೊಯ್ನಾ, ಪಂಚಗಂಗಾ, ದೂಧಗಂಗಾ, ವೇದಗಂಗಾ—ಇವೆಲ್ಲವೂ ಸಹ್ಯಾದ್ರಿಯಿಂದಲೇ ನೀರು ಪಡೆಯುವ ನದಿಗಳು. ಘಟ್ಟದಲ್ಲಿ ಬಿದ್ದ ಮಳೆಯ ನೀರು, ಅಣೆಕಟ್ಟುಗಳಿಂದ ಬಿಟ್ಟ ನೀರು ನಮ್ಮಲ್ಲಿಗೆ ಬರುವ ಹೊತ್ತಿಗೆ ಇಲ್ಲಿ ಬಿಸಿಲಿರಬಹುದು. ಕೃಷ್ಣೆ ತುಂಬಿದಾಗ ಅದನ್ನು ಸೇರಬೇಕಾದ ಉಪನದಿಗಳ ನೀರೂ ಹಿಂದಕ್ಕೆ ಒತ್ತುತ್ತದೆ. ಕಲ್ಲೋಳ–ಯಡೂರು, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಮೊದಲಾದ ಊರುಗಳ ನಡುವಣ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ಮುಳುಗುವುದು ಇದರಿಂದಲೇ. 2005, 2019 ಮತ್ತು 2021ರ ಮಹಾಪೂರಗಳನ್ನು ಈ ಭಾಗದ ಜನ ಮರೆತಿಲ್ಲ. ಆದ್ದರಿಂದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಅದು ಗೇಣುದ್ದವೇ ಇರಲಿ, ದಾಟಕೂಡದು. ಮೇಲಿನ ಆಕಾಶವನ್ನು ನೋಡಿ ಹೊಳೆಯನ್ನು ಅಳೆಯಬಾರದು. ದಡದ ಜನರನ್ನು ಕೇಳಬೇಕು.

ಕೇಳುವುದಕ್ಕೆ ಸೈಕಲ್ ಸವಾರನಿಗಿರುವಷ್ಟು ಅನುಕೂಲ ಬೇರೆಯವರಿಗಿಲ್ಲ. ಮೋಟಾರಿನಲ್ಲಿ ಬಂದವನನ್ನು ಹಳ್ಳಿಯವರು ದೂರದಿಂದ ನೋಡುತ್ತಾರೆ. ಬೆವರು ಒರೆಸುತ್ತ ಸೈಕಲ್ಲಿನಿಂದ ಇಳಿದವನಿಗೆ ತಾವಾಗಿಯೇ ನೀರಿನ ತಂಬಿಗೆಯನ್ನು ನೀಡುತ್ತಾರೆ. ಈ ಭಾಗದಲ್ಲಿ ಒಂದು ಮನೆಯ ಮಾತು ಕನ್ನಡ, ನೆರೆಮನೆಯ ಮಾತು ಮರಾಠಿ. ಅನೇಕರಿಗೆ ಎರಡೂ ಬರುತ್ತವೆ. ಎದುರಿನವರ ಭಾಷೆಯಲ್ಲಿ ನಾಲ್ಕು ಮಾತುಗಳನ್ನಾಡಿದರೆ ಅವರ ಮುಖ ಅರಳುತ್ತದೆ. ಆಲೆಮನೆಯ ಮುಂದೆ ನಿಂತವನಿಗೆ ಕಬ್ಬಿನ ಹಾಲು ದೊರೆಯುತ್ತದೆ. ಆ ಉಪಕಾರಕ್ಕೆ ತಕ್ಕಂತೆ ನಾವೂ ನಡೆದುಕೊಳ್ಳಬೇಕು. ಕೇಳದೆ ಯಾರ ಹೊಲಕ್ಕೂ ಇಳಿಯಬಾರದು. ಗುಡಿ, ಬಸದಿ, ಮಠ, ದರ್ಗಾಗಳಲ್ಲಿ ಅಲ್ಲಲ್ಲಿಯ ಮರ್ಯಾದೆಯನ್ನು ಪಾಲಿಸಬೇಕು. ತಿಂದುಂಡ ಕಾಗದವನ್ನು ದಾರಿಯಲ್ಲಿ ಎಸೆಯಬಾರದು. ರಾತ್ರಿ ಮಲಗುವ ಮುನ್ನ ಅಂದು ಕಂಡುದನ್ನು ಒಂದು ಪುಟದಲ್ಲಿ ಬರೆದಿಡಬೇಕು.

ಸೈಕಲ್ಲು ಮನುಷ್ಯನ ಸ್ವಂತ ಬಲದಿಂದ ನಡೆಯುವ ವಾಹನ. ತುಳಿದಷ್ಟೇ ದೂರ, ದಣಿದಲ್ಲಿಯೇ ವಿಶ್ರಾಂತಿ. ತನ್ನ ಬಲವೆಷ್ಟು ಎಂಬುದನ್ನು ಅದು ಏರಿನಲ್ಲಿ ತಿಳಿಸುತ್ತದೆ. ತನ್ನ ಸಂಯಮವೆಷ್ಟು ಎಂಬುದನ್ನು ಇಳಿಜಾರಿನಲ್ಲಿ ಪರೀಕ್ಷಿಸುತ್ತದೆ. ಮುಂದೆ ಸಾಗುವುದನ್ನು ಎಲ್ಲರೂ ಹೊಗಳುತ್ತಾರೆ. ವೇಳೆಯರಿತು ಹೊರಳುವುದನ್ನು ಹೊಗಳುವವರು ವಿರಳ. ಆದರೆ ಅಂದು ಹೊರಳಿ ಬಂದುದರಿಂದಲೇ ನಾನು ಆ ಹೊಳೆಯನ್ನು ಮುಂದೆ ಅದೆಷ್ಟೋ ಸಲ ದಾಟಿದ್ದೇನೆ. ದಾಟುವಾಗಲೆಲ್ಲ, ಹೆಸರು ಕೇಳದೆ ಬಂದ ಆ ಅಜ್ಜನ ಕೈ ಸೈಕಲ್ಲಿನ ಹಿಂದೆ ಇರುವಂತೆ ನನಗೆ ಭಾಸವಾಗುತ್ತದೆ.

ಶಬ್ದಾರ್ಥ

ಪರ್ಯಟನೆ – ಸಂಚಾರ, ತಿರುಗಾಟ
ಕ್ರಮಿಸು – ದಾರಿ ನಡೆ, ದಾಟು
ಎರೆಮಣ್ಣು – ಕಪ್ಪು ಮಣ್ಣು
ರವದಿ – ಕಬ್ಬಿನ ಒಣಗಿದ ಎಲೆ
ದಂಡಿ – ದಡ
ಭಾಸವಾಗು – ಅನಿಸು, ತೋರು

ಅಭ್ಯಾಸ

1. ಬಸ್ಸಿಗಿಂತಲೂ ಕಾಲ್ನಡಿಗೆಗಿಂತಲೂ ಸೈಕಲ್ಲಿನ ವೇಗ ಪ್ರವಾಸಕ್ಕೆ ಹಿತವೆಂದು ಲೇಖಕರು ಏಕೆ ಹೇಳುತ್ತಾರೆ?
2. ಪಂಕ್ಚರ್ ತಿದ್ದುವ ಕ್ರಮವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
3. ಮಳೆಯಿಲ್ಲದ ದಿನವೂ ದೂಧಗಂಗೆಯ ನೀರು ಏರಲು ಕಾರಣವೇನು?
4. “ನೀರಿನ ಕೆಳಗ ಏನೈತಿ ಅನ್ನೂದು ಕಾಣತೈತೇನು?”—ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಅದರ ಸ್ವಾರಸ್ಯವನ್ನು ತಿಳಿಸಿರಿ.
5. ನಿಮ್ಮ ಊರಿನಿಂದ ಒಂದು ದಿನದ ಸೈಕಲ್ ಪ್ರವಾಸದ ಯೋಜನೆಯನ್ನು ಸಿದ್ಧಪಡಿಸಿರಿ. ದಾರಿಯಲ್ಲಿ ಎದುರಾಗಬಹುದಾದ ಅಪಾಯಗಳನ್ನೂ ಮರಳಬೇಕಾದ ವೇಳೆಯನ್ನೂ ಅದರಲ್ಲಿ ಗುರುತಿಸಿರಿ.