ಅಕ್ಕ ಕಟ್ಟಿದ ಕಂತು, ತಮ್ಮನಿಗೆ ಮಾಫಿ

ಸಾಲ ಕೊಟ್ಟವರನ್ನು ಮತ್ತೆ ಸಿಕ್ಕಿಸುವ ಮಾತೊಂದಿದೆ. ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟ ನನ್ನ ತಮ್ಮನೂ ಅದನ್ನೇ ಆಡಿದ: “ಇಷ್ಟ್ ಕೊಟ್ಟೀಯಲ್ಲಣ್ಣ, ಇನ್ನ ಐವತ್ತ್ ಸಾವಿರ ಕೊಟ್ರ ಹಳೇದೂ ಬರ್ತದ.” ಹಳೆಯದೆಂದರೆ ಎರಡು ಲಕ್ಷ. ಅದು ಹೋಗಿ ಆಗಿತ್ತು. ಇವತ್ತು ಮೊದಲ ಸಲ ಈ ಅಂಗಡಿ ನೋಡುತ್ತಿದ್ದರೆ ಇದಕ್ಕೆ ಹಣ ಹಾಕುತ್ತಿದ್ದೆನೆ ಎಂಬುದಷ್ಟೇ ಈಗಿನ ಪ್ರಶ್ನೆ. ಖಾತೆ ಪುಸ್ತಕ ತರಿಸಿದೆ. ಪುಟದ ತುಂಬ ಉದ್ರಿ ಒಯ್ದವರ ಹೆಸರು, ಜಮೆಯ ಕಡೆ ಬರೀ ಬಿಳಿ ಹಾಳೆ.

ಐವತ್ತು ಸಾವಿರ ಕೊಡಲಿಲ್ಲ. ಎರಡು ಲಕ್ಷ ಬಿಟ್ಟುಬಿಟ್ಟೆ. ಬಾಯಿಮಾತಿನಲ್ಲಿ ಬಿಟ್ಟ ಸಾಲ ಪ್ರತಿ ಕ್ರಿಸ್ಮಸ್ ಊಟಕ್ಕೂ ತಾಟಿನ ಪಕ್ಕ ಬಂದು ಕೂರುತ್ತದೆ. ಅದಕ್ಕೇ, ಇದು ಇನ್ನು ಸಾಲವಲ್ಲ, ಉಡುಗೊರೆ ಎಂದು ಚೀಟಿ ಬರೆದುಕೊಟ್ಟೆ. (ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ, ಮೊತ್ತ ಎಷ್ಟೇ ಇರಲಿ, ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ.)

ಸುದ್ದಿ ಅಕ್ಕನಿಗೆ ಮುಟ್ಟಿತು. ಮಗಳ ನರ್ಸಿಂಗ್ ಕಾಲೇಜಿನ ಫೀಗೆ ಅವಳೂ ನನ್ನಿಂದಲೇ ಸಾಲ ಪಡೆದಿದ್ದಳು. “ನಾ ಒಂದ್ ಕಂತೂ ತಪ್ಪಸ್ಲಿಲ್ಲ. ಅವಂಗ ಮಾಫಿ ಮಾಡಿದಿ. ಹಂಗಾರ ನಾ ಹುಚ್ಚಿ ಏನ?”

ಮತ್ತಾಯನ 20ನೇ ಅಧ್ಯಾಯವನ್ನು ಆರಾಧನೆಯಲ್ಲಿ ಎಷ್ಟೋ ಸಲ ಕೇಳಿದವರು ನಾವು. ದ್ರಾಕ್ಷಿತೋಟದಲ್ಲಿ ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಹೊತ್ತು ಮುಳುಗುವ ಮುನ್ನ ಬಂದವರಿಗೂ ಅದೇ ಒಂದು ಬೆಳ್ಳಿ ನಾಣ್ಯ. ಮೊದಲಿನವರಿಗೆ ಒಪ್ಪಿದ ಕೂಲಿಯಲ್ಲಿ ಕಾಸೂ ಕಡಿಮೆಯಾಗಿರಲಿಲ್ಲ. ಪಕ್ಕದವನ ಕೈ ನೋಡಿದ ಮೇಲೆ ಅದು ಸಾಲದೆನಿಸಿತು. ಲೂಕ 15ರಲ್ಲಿ, ಹಾಳಾಗಿ ಮರಳಿದ ತಮ್ಮನಿಗೆ ಔತಣ ನಡೆದಾಗ ಹಿರಿಮಗನದೂ ಅದೇ ಪಾಡು: ಇಷ್ಟು ವರ್ಷ ಗೇಯ್ದದ್ದನ್ನು ಅಪ್ಪನ ಮುಂದೆ ಎಣಿಸುತ್ತಾನೆ. ಪೌಲ ಮಾತ್ರ, ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ, ತನ್ನ ಕುಲ, ಧರ್ಮಶಾಸ್ತ್ರದ ನಿಷ್ಠೆ ಎಲ್ಲವನ್ನೂ ಲಾಭದಿಂದ ತೆಗೆದು ನಷ್ಟಕ್ಕೆ ಬರೆದ. ಅಷ್ಟು ನಿಷ್ಠುರವಾಗಿ ಹಳೆಯ ಲೆಕ್ಕ ಮುಗಿಸಿದವರನ್ನು ನಾನು ಬೇರೆ ಕಂಡಿಲ್ಲ.

ಹಾಗೆಂದು ವಾಕ್ಯ ಹೇಳಿ ಅಕ್ಕನ ಬಾಯಿ ಮುಚ್ಚಿಸುವುದು ನನಗೆ ಸರಿಕಾಣಲಿಲ್ಲ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದಾಗ, ಸರಿಯಾಗಿ ಕಟ್ಟಿದ ರೈತರಿಗೆ ಕಟ್ಟಿದ ಮೊತ್ತ ಇಲ್ಲವೇ 25,000 ರೂಪಾಯಿ, ಯಾವುದು ಕಡಿಮೆಯೋ ಅದನ್ನು ಕೊಡುವುದಾಗಿಯೂ ಹೇಳಿತ್ತು. ಕಟ್ಟಿದವರ ಸಂಕಟ ಅಷ್ಟಾದರೂ ಲೆಕ್ಕಕ್ಕೆ ಬಂತು. ಅಲ್ಲಿ ಹೋಗುವುದು ಎಲ್ಲರ ತೆರಿಗೆ, ಪ್ರಶ್ನಿಸುವ ಹಕ್ಕು ಎಲ್ಲರಿಗೂ ಉಂಟು. ದ್ರಾಕ್ಷಿತೋಟದ ಯಜಮಾನ ಕೊಟ್ಟದ್ದು ಸ್ವಂತ ಗಂಟಿನಿಂದ. ಬೇರೆಯವರ ಗಂಟು ಬಿಚ್ಚಿ ಕೃಪೆ ತೋರಿಸುವವರೇ ಹೆಚ್ಚು. ಸಭೆಯ ಕಮಿಟಿಯಲ್ಲಿ ಕೂತವರಿಗೆ ಇದು ಗೊತ್ತು. ಅವ್ವನ ಠೇವಣಿ ಮುರಿದು ತಮ್ಮನ ಸಾಲ ತೀರಿಸಿದ್ದರೆ ಅಕ್ಕ ಜಗಳ ಕಾಯುವುದೇ ನ್ಯಾಯ.

ಅಷ್ಟನ್ನೂ ಅವಳಿಗೆ ಹೇಳಿದೆ. “ರೊಕ್ಕ ನಿಂದು, ಖರೆ” ಅಂದಳು, ಮುಖದ ಗಂಟು ಸಡಿಲಿಸದೆ. ಅವ್ವನ ಠೇವಣಿ ಪತ್ರಗಳನ್ನು ಈಗ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ತಮ್ಮ ಕೇಳಿದರೂ ಕೊಡಳು, ನಾನು ಕೇಳಿದರೂ ಕೊಡಳು.