ಆಟದ ಸರ್ವರ್ ಸ್ವತಂತ್ರ ಆಟವಾಗುವ ಬಗೆ

ನಾಟಕ ಮಂಡಲಿಯೊಂದು ಬಾಡಿಗೆಯ ರಂಗಮಂದಿರದಲ್ಲಿ ಆಡುತ್ತಿದೆಯೆಂದು ಭಾವಿಸೋಣ. ನಾಟಕ ಮಂಡಲಿಯದು, ನಟರು ಅದರವರು, ಟಿಕೆಟ್ಟು ಕೊಂಡು ಬರುವ ಜನರೂ ಮಂಡಲಿಯ ಹೆಸರನ್ನು ಕೇಳಿಯೇ ಬರುವವರು. ಆದರೆ ರಂಗ, ಪರದೆ, ದೀಪಗಳೆಲ್ಲ ಮಂದಿರದ ಒಡೆಯನವು. ಆ ಮಂಡಲಿ ಒಂದು ದಿನ ತನ್ನದೇ ರಂಗವನ್ನು ಕಟ್ಟಿಕೊಳ್ಳಲು ಹೊರಟರೆ ಯಾವುದನ್ನು ಹೊತ್ತೊಯ್ಯಬಹುದು, ಯಾವುದನ್ನು ಹೊಸದಾಗಿ ಮಾಡಿಸಬೇಕು? ಗಣಕದ ಆಟಗಳ ಪ್ರಪಂಚದಲ್ಲಿ ಇದೇ ಪ್ರಶ್ನೆ ನಿಜವಾಗಿಯೂ ಎದ್ದಿದೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ, ಹಲವರು ಸೇರಿ ಆಡುವ ಆಟ ಒಳಗೆ ಹೇಗೆ ನಡೆಯುತ್ತದೆಂಬುದೂ ನಮಗೆ ತಿಳಿದುಬರುತ್ತದೆ.

ಮೈನ್‌ಕ್ರಾಫ್ಟ್ ಆಟವನ್ನು ನಮ್ಮ ವಾಚಕರಲ್ಲಿ ಅನೇಕರು ಆಡಿರಬಹುದು. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಅದನ್ನು 2009ರಲ್ಲಿ ಮೊದಲಿಗೆ ಹೊರತಂದರು. ಪೂರ್ಣ ರೂಪ 2011ರಲ್ಲಿ ಬಂದಿತು. ಅದರ ಲೋಕವೆಲ್ಲ ‘ಬ್ಲಾಕ್’ ಎಂದು ಕರೆಯುವ, ಒಂದೇ ಅಳತೆಯ ಘನಗಳಿಂದಾದದ್ದು. ಮಣ್ಣು, ಕಲ್ಲು, ಮರ, ಯಾವುದೇ ಆಗಲಿ, ಒಡೆದು ತೆಗೆಯಬಹುದು, ಬೇಕಾದಲ್ಲಿ ಇಡಬಹುದು. ಇಂಥದನ್ನೇ ಮಾಡಬೇಕೆಂಬ ಕಟ್ಟಳೆಯಿಲ್ಲ. ಮರಳುಗುಪ್ಪೆಯ ಮುಂದೆ ಕುಳಿತ ಮಗುವಿನಂತೆ ಆಟಗಾರ ತನಗೆ ತೋಚಿದ್ದನ್ನು ಕಟ್ಟುತ್ತಾನೆ. ಇಂತಹ ಆಟಗಳಿಗೆ ‘ಸ್ಯಾಂಡ್‌ಬಾಕ್ಸ್’ ಎಂಬ ಹೆಸರು ಬಂದುದು ಅದುಕಾರಣವೇ.

ಹಲವರು ಕೂಡಿ ಆಡುವಾಗ ಎರಡು ಬಗೆಯ ಪ್ರೋಗ್ರಾಮುಗಳು ಕೆಲಸ ಮಾಡುತ್ತವೆ. ಆಟಗಾರನ ಮನೆಯ ಗಣಕದಲ್ಲಿರುವುದು ಕ್ಲೈಂಟ್. ಅದು ಚಿತ್ರ ಬರೆಯುತ್ತದೆ, ಸದ್ದು ಮಾಡುತ್ತದೆ, ಒತ್ತಿದ ಕೀಲಿಯನ್ನು ಗುರುತಿಸುತ್ತದೆ. ಎಲ್ಲಿಯೋ ದೂರದಲ್ಲಿರುವುದು ಸರ್ವರ್. ಲೋಕದ ನಿಜವಾದ ಲೆಕ್ಕಪುಸ್ತಕ ಇರುವುದು ಅದರ ಬಳಿ. ಆಟಗಾರ ಬ್ಲಾಕೊಂದನ್ನು ಒಡೆದಾಗ ಕ್ಲೈಂಟ್ ಆ ಸುದ್ದಿಯನ್ನು ಸರ್ವರಿಗೆ ಮುಟ್ಟಿಸುತ್ತದೆ. ಸರ್ವರ್ ಅದನ್ನು ಒಪ್ಪಿದರೆ ಎಲ್ಲರ ಕ್ಲೈಂಟುಗಳಿಗೂ ತಿಳಿಸುತ್ತದೆ. ಒಪ್ಪದಿದ್ದರೆ ಒಡೆದ ಬ್ಲಾಕ್ ಮರಳಿ ಕಾಣಿಸಿಕೊಳ್ಳುತ್ತದೆ. ಈ ವಿಚಾರಣೆ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೆ ಒಂದಾವರ್ತಿ ನಡೆಯುತ್ತದೆ.

ಸರ್ವರಿನ ಪ್ರೋಗ್ರಾಮನ್ನು ಆಟದ ಕಂಪನಿಯೇ ಹಂಚುತ್ತದೆ. ಅದರ ತೀರ್ಪುಗಳ ನಡುವೆ ತಮ್ಮ ತೀರ್ಪುಗಳನ್ನು ತೂರಿಸಬಹುದೆಂದು ಹೊರಗಿನ ಜಾಣರು ಬೇಗನೆ ಕಂಡುಕೊಂಡರು. “ಈ ಕೆಂಪು ಬ್ಲಾಕನ್ನು ಒಡೆದವನ ಪಕ್ಷಕ್ಕೆ ಒಂದು ಅಂಕ” ಎಂದು ಸರ್ವರಿನಲ್ಲಿ ಬರೆದರೆ ಅಲ್ಲಿಗೆ ಹೊಸ ಆಟವೊಂದು ಹುಟ್ಟಿತು. ಕ್ಲೈಂಟನ್ನು ಮುಟ್ಟಬೇಕಾಗಿಯೇ ಇಲ್ಲ. ಕೆನಡಾದ ಸೈಮನ್ ಕಾಲಿನ್ಸ್-ಲಾಫ್ಲಾಮ್ ಮತ್ತು ಫಿಲಿಪ್ ಟುಷೆಟ್ 2013ರಲ್ಲಿ ತೆರೆದ ಹೈಪಿಕ್ಸೆಲ್ ಎಂಬ ಸರ್ವರ್ ಈ ಬಗೆಯದು. 2021ರಲ್ಲಿ ಅದರೊಳಗೆ ಏಕಕಾಲಕ್ಕೆ 2 ಲಕ್ಷಕ್ಕೂ ಮೇಲ್ಪಟ್ಟು ಜನ ಆಡಿದುದುಂಟು. ಇಷ್ಟು ಜನರನ್ನು ಒಂದೇ ಯಂತ್ರ ತಾಳಲಾರದು. ಹೊರಗಿನಿಂದ ಒಂದಾಗಿ ಕಾಣುವ ಇಂತಹ ಸರ್ವರ್ ವಾಸ್ತವವಾಗಿ ಅನೇಕಾನೇಕ ಸಣ್ಣ ಸರ್ವರುಗಳ ಸಮೂಹ. ಬಾಗಿಲಲ್ಲಿ ನಿಂತ ಒಂದು ಪ್ರೋಗ್ರಾಮ್ ಬಂದವರನ್ನು ಅಲ್ಲಲ್ಲಿಗೆ ಹಂಚುತ್ತದೆ.

ಇಷ್ಟು ವೈಭವವಿದ್ದ ಮೇಲೆ ಬೇರೆ ಮನೆ ಏಕೆ ಬೇಕು? ಮೊದಲನೆಯ ಕಾರಣ ಭಾಷೆಯದು. ಸರ್ವರ್ ಏನೇ ಹೇಳಲಿ, ಕ್ಲೈಂಟಿಗೆ ಈಗಾಗಲೇ ಗೊತ್ತಿರುವ ಮಾತುಗಳಲ್ಲಿಯೇ ಹೇಳಬೇಕು. ಕ್ಲೈಂಟ್ ಎಂದೂ ಕಂಡಿರದ ಹೊಸ ಪೀಠೋಪಕರಣವನ್ನೋ ಹೊಸ ಪ್ರಾಣಿಯನ್ನೋ ತೋರಿಸೆಂದರೆ ಅದಕ್ಕೆ ತಿಳಿಯದು. ಆದುದರಿಂದ ಸರ್ವರಿನವರು ವೇಷ ಹಾಕಿಸುತ್ತಾರೆ. ಕವಚ ತೂಗುಹಾಕುವ ಗೂಟವೊಂದನ್ನು ಕಣ್ಣಿಗೆ ಕಾಣದಂತೆ ಮಾಡಿ, ಅದರ ತಲೆಯ ಮೇಲೆ ಒಂದು ವಸ್ತುವನ್ನಿಟ್ಟು, ಆ ವಸ್ತುವಿಗೆ ಕುರ್ಚಿಯ ಚಿತ್ರವನ್ನು ಹೊದಿಸುತ್ತಾರೆ. ಆಟಗಾರ ಅದನ್ನು ಕುರ್ಚಿಯೆಂದೇ ತಿಳಿಯುತ್ತಾನೆ. ಈ ಉಪಾಯಗಳ ಚಾತುರ್ಯವನ್ನು ಮೆಚ್ಚತಕ್ಕದ್ದೇ. ಆದರೆ ಕ್ಲೈಂಟಿನ ಹೊಸ ಆವೃತ್ತಿ ಬಂದು ಸಂವಾದದ ನಿಯಮಗಳು ಬದಲಾದಾಗ ಇವುಗಳಲ್ಲಿ ಎಷ್ಟೋ ಕೆಟ್ಟುಹೋಗುತ್ತವೆ.

ಎರಡನೆಯದು ಒಡೆತನದ ಮಾತು. 2014ರಲ್ಲಿ ಮೈನ್‌ಕ್ರಾಫ್ಟಿನ ಒಡೆಯರಾದ ಮೊಜಾಂಗ್ ಕಂಪನಿಯವರು, ಹಣ ಕೊಟ್ಟವನಿಗೆ ಆಟದಲ್ಲಿ ಮೇಲುಗೈ ದೊರಕಿಸುವ ವಸ್ತುಗಳನ್ನು ಸರ್ವರಿನವರು ಮಾರಕೂಡದು, ಬರಿಯ ಅಲಂಕಾರದ ವಸ್ತುಗಳನ್ನು ಮಾರಬಹುದು ಎಂಬ ನಿಯಮವನ್ನು ಬಿಗಿಗೊಳಿಸಿದರು. ಆಡುವವರಲ್ಲಿ ಮಕ್ಕಳೂ ಇರುವಾಗ ಈ ನಿಯಮ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೂ ಬೀಗದಕೈ ಯಾರ ಕೈಯಲ್ಲಿದೆಯೆಂಬುದು ಅಂದು ಎಲ್ಲ ಸರ್ವರಿನವರಿಗೂ ಮನದಟ್ಟಾಯಿತು. ಅದೇ ವರ್ಷ ಇನ್ನೊಂದು ಪ್ರಸಂಗ ನಡೆಯಿತು. ಸರ್ವರುಗಳಿಗೆ ಆಧಾರವಾಗಿದ್ದ ಬಕಿಟ್ ಎಂಬ ಪ್ರೋಗ್ರಾಮಿನಲ್ಲಿ ಹಲವರು ಪುಕ್ಕಟೆಯಾಗಿ ಬರೆದುಕೊಟ್ಟ ಭಾಗಗಳೂ ಮೊಜಾಂಗ್ ಕಂಪನಿಗೆ ಸೇರಿದ ಭಾಗಗಳೂ ಬೆರೆತಿದ್ದವು. ಬರೆದವರಲ್ಲಿ ಒಬ್ಬರು ತಮ್ಮ ಹಕ್ಕನ್ನು ಮುಂದಿಟ್ಟು ಆಕ್ಷೇಪಿಸಲು, ಆ ಪ್ರೋಗ್ರಾಮಿನ ಹಂಚಿಕೆಯೇ ನಿಂತುಹೋಯಿತು.

ಹಾಗಾದರೆ ಹೊರಡುವಾಗ ಏನನ್ನು ಒಯ್ಯಬಹುದು? ಆಟದ ನಿಯಮ ಒಂದು ಭಾವನೆ, ಭಾವನೆಗೆ ಕೃತಿಸ್ವಾಮ್ಯವಿಲ್ಲ. “ದ್ವೀಪದ ಮೇಲೆ ನಾಲ್ಕು ಪಕ್ಷಗಳು ಕಾದಾಡಲಿ” ಎಂಬುದನ್ನು ಯಾರು ಬೇಕಾದರೂ ಆಡಿಸಬಹುದು. ಆದರೆ ಆ ನಿಯಮವನ್ನು ನಡೆಸುವಂತೆ ಬರೆದ ಪ್ರೋಗ್ರಾಮ್, ಬ್ಲಾಕುಗಳ ಮೇಲಣ ಚಿತ್ರ, ಕೇಳಿಬರುವ ಸದ್ದು, ಇವು ಬರೆದವರ ಸ್ವತ್ತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯೂ ತಿದ್ದುಪಡಿಯಾದ ಮೇಲೆ ಗಣಕದ ಪ್ರೋಗ್ರಾಮನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿಯೇ ಎಣಿಸುತ್ತದೆ. ಕಾವ್ಯಕ್ಕೂ ಸರ್ವರಿಗೂ ಒಂದೇ ಪಂಕ್ತಿ! ಆದುದರಿಂದ ಹೊರಡುವವರು ತಾವೇ ಬರೆದ ನಿಯಮಗಳನ್ನೂ, ತಾವೇ ಬಿಡಿಸಿದ ಚಿತ್ರಗಳನ್ನೂ, ವರ್ಷಗಟ್ಟಲೆ ಜನರನ್ನು ಆಡಿಸಿ ಕಲಿತ ಅನುಭವವನ್ನೂ ಒಯ್ಯಬಹುದು. ಕ್ಲೈಂಟನ್ನಂತೂ ಬುಡದಿಂದ ಕಟ್ಟಬೇಕು. ಕಷ್ಟವೆಲ್ಲ ಅಡಗಿರುವುದು ಅಲ್ಲಿಯೇ.

ಎಷ್ಟು ಕಷ್ಟವೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಮೈನ್‌ಕ್ರಾಫ್ಟಿನ ಲೋಕವನ್ನು ಉದ್ದಗಲ 16 ಬ್ಲಾಕುಗಳ ಖಂಡಗಳಾಗಿ ವಿಭಾಗಿಸಿದ್ದಾರೆ. 2021ರಿಂದೀಚೆಗೆ ಖಂಡದ ಎತ್ತರ 384 ಬ್ಲಾಕು. ಅಂದಮೇಲೆ ಒಂದು ಖಂಡದಲ್ಲಿ 16 × 16 × 384, ಅಂದರೆ 98,304 ಸ್ಥಾನಗಳಿವೆ. ಆಟಗಾರನಿಗೆ ಸುತ್ತಲೂ ಹತ್ತು ಹತ್ತು ಖಂಡಗಳು ಕಾಣಬೇಕಾದರೆ 21 × 21, ಅಂದರೆ 441 ಖಂಡಗಳು. ಒಟ್ಟು 4,33,52,064 ಸ್ಥಾನಗಳು. ಒಂದೊಂದಕ್ಕೆ 2 ಬೈಟಿನಂತೆ ಬರೆದಿಟ್ಟರೂ 8 ಕೋಟಿ 67 ಲಕ್ಷ ಬೈಟುಗಳು. ಅದನ್ನೆಲ್ಲ ಹಾಗೆಯೇ ತಂತಿಯ ಮೇಲೆ ಕಳುಹಿಸುವುದು ವಿವೇಕವಲ್ಲ.

ಇಲ್ಲೊಂದು ಸೊಗಸಾದ ಉಪಾಯವಿದೆ. ಖಂಡವನ್ನು 16 ಬ್ಲಾಕು ಎತ್ತರದ ತುಂಡುಗಳಾಗಿ ಸೀಳಿದರೆ ಒಂದು ತುಂಡಿನಲ್ಲಿ 4,096 ಬ್ಲಾಕುಗಳಿರುತ್ತವೆ. ಆದರೆ ಅವುಗಳಲ್ಲಿ ಬೇರೆಬೇರೆ ಜಾತಿಯವು ಎಷ್ಟು? ಕಲ್ಲು, ಮಣ್ಣು, ಕಲ್ಲಿದ್ದಲು, ಗಾಳಿ, ಹೀಗೆ ಸಾಮಾನ್ಯವಾಗಿ ಕೆಲವೇ. ಹದಿನಾರು ಜಾತಿಗಳೊಳಗೇ ಇದ್ದರೆ, ಆ ಜಾತಿಗಳ ಪಟ್ಟಿಯನ್ನು ಒಮ್ಮೆ ಬರೆದು, ಪ್ರತಿಯೊಂದು ಬ್ಲಾಕಿಗೂ ಪಟ್ಟಿಯಲ್ಲಿ ಅದರ ಕ್ರಮಾಂಕವನ್ನು ಮಾತ್ರ ಬರೆದರೆ ಸಾಕು. ಕ್ರಮಾಂಕಕ್ಕೆ 4 ಬಿಟ್ಟು, ಅಂದರೆ ಅರ್ಧ ಬೈಟು ಸಾಲುತ್ತದೆ. 8,192 ಬೈಟು ಹಿಡಿಯಬೇಕಾದ ತುಂಡು 2,048 ಬೈಟಿಗೆ ಇಳಿಯಿತು. ತುಂಡಿನ ತುಂಬ ಗಾಳಿಯೇ ಇದ್ದರೆ “ಎಲ್ಲವೂ ಗಾಳಿ” ಎಂಬ ಒಂದೇ ಮಾತು.

ಚಿತ್ರ ಬರೆಯುವಾಗಲೂ ಇಂತಹದೇ ಮಿತವ್ಯಯ ಬೇಕು. ಘನಕ್ಕೆ ಆರು ಮುಖಗಳು. ಕಲ್ಲು ತುಂಬಿದ ಒಂದು ತುಂಡಿನಲ್ಲಿ 4,096 × 6, ಅಂದರೆ 24,576 ಮುಖಗಳಿವೆ. ಎರಡು ಕಲ್ಲುಗಳು ತಾಕಿಕೊಂಡಿರುವಲ್ಲಿ ನಡುವಣ ಮುಖಗಳು ಯಾರಿಗೂ ಕಾಣವಷ್ಟೆ. ಅವನ್ನು ಬಿಟ್ಟರೆ ಹೊರಮೈಯ 6 × 256, ಅಂದರೆ 1,536 ಮುಖಗಳು ಉಳಿಯುತ್ತವೆ. ಒಂದೇ ಬಣ್ಣದ, ಒಂದೇ ಬೆಳಕಿನ ನೆರೆಮುಖಗಳನ್ನು ಬೆಸೆದು ದೊಡ್ಡ ಚೌಕವಾಗಿಸಿದರೆ ಆರೇ ಆರು ಚೌಕಗಳು! ನಿಜವಾದ ಬೆಟ್ಟಗುಡ್ಡಗಳಲ್ಲಿ ಉಳಿತಾಯ ಇಷ್ಟು ದೊರೆಯದಾದರೂ, ಈ ಎರಡು ಉಪಾಯಗಳಿಲ್ಲದೆ ಬ್ಲಾಕುಗಳ ಆಟ ಸಾಧಾರಣ ಯಂತ್ರದ ಮೇಲೆ ಓಡಲಾರದು. ಆಟಗಾರ ಒಂದೇ ಒಂದು ಬ್ಲಾಕನ್ನು ತೆಗೆದರೂ ಆ ತುಂಡಿನ ಮುಖಗಳನ್ನೆಲ್ಲ ಮತ್ತೆ ಎಣಿಸಬೇಕು. ಅದೂ ಕಣ್ಣು ಮಿಟುಕಿಸುವುದರೊಳಗೆ.

ಮುಂದೆ ದೂರದ ತೊಡಕು. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಸುದ್ದಿ ಹೋಗಿ ಉತ್ತರ ಬರಲು ಕಡಮೆಯೆಂದರೂ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಎಷ್ಟು ಹಣ ಸುರಿದರೂ ಇದನ್ನು ಇಳಿಸಲಾಗದು; ಇದು ಪ್ರಕೃತಿಯ ನಿಯಮ. ಪ್ರತಿ ಹೆಜ್ಜೆಗೂ ಅನುಮತಿಗಾಗಿ ಕಾದರೆ ಆಟಗಾರನಿಗೆ ಕೆಸರಿನಲ್ಲಿ ನಡೆದಂತಾಗುತ್ತದೆ. ಇದಕ್ಕೆ ಬಳಕೆಯಲ್ಲಿರುವ ಪರಿಹಾರ ಹೀಗಿದೆ: ಕ್ಲೈಂಟ್ ತನ್ನ ಹೆಜ್ಜೆಗಳಿಗೆ ಕ್ರಮಾಂಕ ಕೊಟ್ಟು ಕಳುಹಿಸಿ, ಉತ್ತರಕ್ಕೆ ಕಾಯದೆ ಊಹೆಯಿಂದ ಮುಂದೆ ನಡೆದುಬಿಡುತ್ತದೆ. ಹತ್ತನೆಯ ಹೆಜ್ಜೆಯ ಹೊತ್ತಿಗೆ ಸರ್ವರಿನಿಂದ ಏಳನೆಯ ಹೆಜ್ಜೆಯ ತೀರ್ಪು ಬರುತ್ತದೆ. ಊಹೆಯೂ ತೀರ್ಪೂ ಒಂದೇ ಆದರೆ ಸರಿ. ಬೇರೆಯಾದರೆ ಏಳನೆಯದನ್ನು ತಿದ್ದಿ, ಎಂಟು, ಒಂಬತ್ತು, ಹತ್ತನ್ನು ಮತ್ತೆ ನಡೆದು ತೋರಿಸಬೇಕು. ಇದು ಸರಿಹೋಗಬೇಕಾದರೆ ನಡಿಗೆಯ ಗಣಿತ ಕ್ಲೈಂಟಿನಲ್ಲಿಯೂ ಸರ್ವರಿನಲ್ಲಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕು. ಪರರ ಕ್ಲೈಂಟಿಗೆ ಹೊಂದಿಕೊಂಡಿದ್ದವರಿಗೆ ಇದು ಹೊಸ ಹೊಣೆ.

ಒಬ್ಬನೇ ಆಡುವವನಿಗಾಗಿ ಬೇರೆ ಪ್ರೋಗ್ರಾಮ್ ಬರೆಯಬೇಕೆ? ಬೇಡ. 2012ರಲ್ಲಿ ಮೈನ್‌ಕ್ರಾಫ್ಟಿನವರೇ ದಾರಿ ತೋರಿದರು. ಒಂಟಿಯಾಗಿ ಆಡುವವನ ಗಣಕದಲ್ಲಿಯೂ ಅವನಿಗೆ ತಿಳಿಯದಂತೆ ಒಂದು ಪುಟ್ಟ ಸರ್ವರ್ ಓಡುತ್ತದೆ. ಕ್ಲೈಂಟ್ ಅದರೊಡನೆಯೇ ಮಾತನಾಡುತ್ತದೆ. ಹೀಗೆ ಮಾಡಿದರೆ ನಿಯಮಗಳನ್ನು ಒಂದೆಡೆ ಬರೆದರೆ ಸಾಕು. ಸರ್ವರಿನಿಂದಲೇ ಹುಟ್ಟಿದ ಆಟಕ್ಕೆ ಇದು ವರದಾನವೇ ಸರಿ.

ಹೈಪಿಕ್ಸೆಲಿನವರು ಈ ಹಾದಿಯಲ್ಲಿ ನಡೆದು 2018ರಲ್ಲಿ ‘ಹೈಟೇಲ್’ ಎಂಬ ತಮ್ಮ ಸ್ವತಂತ್ರ ಆಟವನ್ನು ಜಗತ್ತಿಗೆ ಸಾರಿದರು. 2020ರಲ್ಲಿ ಅಮೆರಿಕದ ರಯಟ್ ಗೇಮ್ಸ್ ಕಂಪನಿ ಅವರ ಸಂಸ್ಥೆಯನ್ನು ಕೊಂಡಿತು. ಆ ಮೊದಲು ಅವರ ಕ್ಲೈಂಟ್ ಸಿ-ಶಾರ್ಪ್ ಭಾಷೆಯಲ್ಲಿಯೂ ಸರ್ವರ್ ಜಾವಾ ಭಾಷೆಯಲ್ಲಿಯೂ ಇತ್ತು. ಬಗೆಬಗೆಯ ಯಂತ್ರಗಳ ಮೇಲೆ ಆಟ ನಡೆಯಬೇಕೆಂಬ ಆಸೆಯಿಂದ ಎರಡನ್ನೂ ಸಿ-ಪ್ಲಸ್-ಪ್ಲಸ್ ಭಾಷೆಯಲ್ಲಿ ಹೊಸದಾಗಿ ಬರೆಯುವೆವೆಂದು 2022ರಲ್ಲಿ ತಿಳಿಸಿದರು. ಕೆಲಸ ಮುಗಿಯಲಿಲ್ಲ. 2025ರ ಜೂನ್ ತಿಂಗಳಲ್ಲಿ ಆಟವನ್ನು ಕೈಬಿಟ್ಟಿರುವುದಾಗಿ ಪ್ರಕಟಣೆ ಹೊರಟಿತು. ಅದೇ ನವೆಂಬರಿನಲ್ಲಿ ಕಾಲಿನ್ಸ್-ಲಾಫ್ಲಾಮ್ ಆಟವನ್ನು ಮರಳಿ ಕೊಂಡು, ಹೊಸ ಬರವಣಿಗೆಯನ್ನು ಬದಿಗಿಟ್ಟು, ಬಿಟ್ಟುಹೋಗಿದ್ದ ಹಳೆಯ ಪ್ರೋಗ್ರಾಮನ್ನೇ ಎತ್ತಿಕೊಂಡರು. 2026ರ ಜನವರಿಯಲ್ಲಿ ಆಟ, ಅಪೂರ್ಣವೆಂದು ಹೇಳಿಕೊಂಡೇ, ಜನರ ಕೈಸೇರಿತು. ಹೊಸತಾಗಿ ಬರೆಯುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಾಲ್ಕು ವರ್ಷ ಆಡಲು ಬಾರದಿದ್ದ ಹೊಸತಿಗಿಂತ ಎರಡು ತಿಂಗಳಲ್ಲಿ ಜನರ ಮುಂದಿಡಲು ಬಂದ ಹಳೆಯದು ಇಲ್ಲಿ ಮೇಲಾಯಿತು. ಗಮನಿಸತಕ್ಕ ಇನ್ನೊಂದಂಶ: ಹೈಟೇಲಿನ ಸರ್ವರ್ ತನ್ನ ಹೊಸ ಬ್ಲಾಕುಗಳ ಚಿತ್ರ, ಆಕಾರಗಳನ್ನೂ ಕ್ಲೈಂಟಿಗೆ ತಾನೇ ಕಳುಹಿಸುತ್ತದೆ. ಕಾಣದ ಗೂಟಕ್ಕೆ ಕುರ್ಚಿಯ ವೇಷ ಹಾಕಬೇಕಾದ ಕಾಲ ಅದಕ್ಕಿಲ್ಲ.

ಇದನ್ನು ಕೈಯಾರೆ ಮಾಡಿನೋಡುವ ಕುತೂಹಲವುಳ್ಳ ವಿದ್ಯಾರ್ಥಿಗಳಿಗೆ ಲುವಾಂಟಿ ಎಂಬ ಯಂತ್ರಾಂಗ ಒದಗುತ್ತದೆ. ಫಿನ್ಲೆಂಡಿನ ಪೆರ್ಟು ಅಹೋಲ 2010ರಲ್ಲಿ ಇದನ್ನು ಮೈನ್‌ಟೆಸ್ಟ್ ಎಂಬ ಹೆಸರಿನಿಂದ ಆರಂಭಿಸಿದರು. 2024ರಲ್ಲಿ ಹೆಸರು ಬದಲಾಯಿತು. ಇದು ಪುಕ್ಕಟೆ, ಬರವಣಿಗೆಯೆಲ್ಲ ತೆರೆದಿದೆ, ಲೂವಾ ಎಂಬ ಸುಲಭವಾದ ಭಾಷೆಯಲ್ಲಿ ನಿಯಮಗಳನ್ನು ಬರೆದು ಸ್ವಂತದ ಆಟವನ್ನೇ ಮಾಡಬಹುದು. ಅದಕ್ಕೆ ಮುನ್ನ ಕಾಗದ ಹಿಡಿದು ಒಂದು ಲೆಕ್ಕ ಮಾಡಿರಿ. ಲುವಾಂಟಿಯ ಲೋಕ ಮೂರೂ ದಿಕ್ಕುಗಳಲ್ಲಿ ಸುಮಾರು 62,000 ಬ್ಲಾಕುಗಳಷ್ಟು ಹರಡಿದೆ. ಒಂದು ಬ್ಲಾಕಿಗೆ 4 ಬೈಟು ಬೇಕು. ಲೋಕವನ್ನೆಲ್ಲ ಬರೆದಿಡಲು ಎಷ್ಟು ಬೈಟು ಬೇಕಾದೀತು? ಉತ್ತರದಲ್ಲಿ ಹದಿನೈದು ಅಂಕೆಗಳು ಬರುತ್ತವೆ. ಅಷ್ಟು ದೊಡ್ಡ ಲೋಕ ಸಾಧಾರಣ ಗಣಕದಲ್ಲಿ ಹೇಗೆ ಅಡಗಿತೆಂದರೆ, ಯಾರೂ ಕಾಲಿಡದ ಭಾಗವನ್ನು ಅದು ಬರೆದಿಟ್ಟೇ ಇರುವುದಿಲ್ಲ; ‘ಬೀಜ’ವೆಂಬ ಒಂದೇ ಸಂಖ್ಯೆಯಿಂದ, ಆಟಗಾರ ಹತ್ತಿರ ಬಂದಾಗ, ಅಲ್ಲಿಯ ಬೆಟ್ಟವನ್ನೂ ಕಣಿವೆಯನ್ನೂ ಗುಣಿಸಿ ತೆಗೆಯುತ್ತದೆ.