ಗಾಡಿಮನೆಯ ಪ್ರಯಾಣ

ಮನೆಗೆ ಚಕ್ರ ಇರುತ್ತದೆಯೇ? ಇರುತ್ತದೆ. ಅದಕ್ಕೆ ಕ್ಯಾಂಪರ್‌ವ್ಯಾನ್ ಅನ್ನುತ್ತಾರೆ. ನೋಡಲು ನಮ್ಮ ಟೆಂಪೋ ಹಾಗೆ. ಒಳಗೆ ಗ್ಯಾಸಿನ ಒಲೆ ಇದೆ. ನೀರಿನ ತೊಟ್ಟಿ ಇದೆ. ಹಗಲು ಕೂರುವ ಸೀಟೇ ರಾತ್ರಿ ಹಾಸಿಗೆ ಆಗುತ್ತದೆ.

ಬ್ರಿಟನ್ ದೇಶದ ಉತ್ತರಕ್ಕೆ ಸ್ಕಾಟ್ಲೆಂಡ್ ಎಂಬ ನಾಡಿದೆ. ಬೆಟ್ಟ, ಕೆರೆ, ಕಣಿವೆಗಳ ನಾಡು. ಬೇಸಿಗೆ ಬಂತೆಂದರೆ ಅಲ್ಲಿ ಎಷ್ಟೋ ಗಂಡ ಹೆಂಡತಿ ಇಂಥ ಗಾಡಿ ತಗೊಂಡು ಹೊರಡುತ್ತಾರೆ. ಸ್ವಂತದ್ದು ಇಲ್ಲದವರು ಬಾಡಿಗೆಗೆ ತರುತ್ತಾರೆ. ಅಂಥ ಒಂದು ಜೋಡಿಯ ಜೊತೆ ನಾವೂ ಹೋಗೋಣ, ಬನ್ನಿ. ಮನಸ್ಸಿನಲ್ಲೇ ಹೋಗುವುದು. ಖರ್ಚಿಲ್ಲ.

ಗಾಡಿ ಓಡಿಸುವವಳು ಹೆಂಡತಿ. ಗಂಡ ಪಕ್ಕದಲ್ಲಿ ಕೂತು ನಕ್ಷೆ ನೋಡುತ್ತಾನೆ. ಇನ್‌ವರ್ನೆಸ್ ಪಟ್ಟಣ ಬಿಟ್ಟು ಉತ್ತರಕ್ಕೆ ಹೊರಟರು. ನಮ್ಮ ಹಾಗೇ ಅಲ್ಲೂ ರಸ್ತೆಯ ಎಡಗಡೆ ಓಡಿಸಬೇಕು. ಆರ್ಡ್‌ಗೇ ಎಂಬ ಊರು ದಾಟಿದ ಮೇಲೆ ರಸ್ತೆ ಕಿರಿದಾಯಿತು. ಒಂದೇ ಗಾಡಿ ಹೋಗುವಷ್ಟು ಜಾಗ. ಅಲ್ಲಲ್ಲಿ ರಸ್ತೆಯನ್ನು ಸ್ವಲ್ಪ ಅಗಲ ಮಾಡಿ ಬೋರ್ಡು ನೆಟ್ಟಿದ್ದಾರೆ. ಎದುರಿನಿಂದ ಗಾಡಿ ಬಂದರೆ ಅಲ್ಲಿ ನಿಂತು ದಾರಿ ಬಿಡಬೇಕು. ದಾರಿ ಸಿಕ್ಕವರು ಕೈ ಎತ್ತಿ, ನಕ್ಕು ಹೋಗುತ್ತಾರೆ.

ಜೂನ್ ತಿಂಗಳು. ರಾತ್ರಿ 10 ಗಂಟೆಗೂ ಅಲ್ಲಿ ಬೆಳಕಿರುತ್ತದೆ. ಹೊಳೆಯ ಹತ್ತಿರ ಗಾಡಿ ನಿಲ್ಲಿಸಿದರು. ಅಷ್ಟು ದೂರ ಓಡಿಸಿದವಳು ಅವಳು. ಆದ್ದರಿಂದ ಟೀ ಕಾಯಿಸಿದವನು ಅವನು. ನ್ಯಾಯವೇ ತಾನೆ? ಕಿಟಕಿ ತೆರೆದರೆ ಮಿಜ್ ಎಂಬ ಸಣ್ಣ ಹುಳ ಮುತ್ತುತ್ತದೆ. ಕಣ್ಣಿಗೆ ಕಾಣೋದೇ ಕಷ್ಟ, ಆದರೆ ಕಚ್ಚಿದರೆ ಮೈಯೆಲ್ಲ ತುರಿಕೆ.

ಸುತ್ತ ಹಸಿರು ಬೆಟ್ಟ. ಬೆಟ್ಟದ ಮೇಲೆ ಕುರಿ.

“ಎಷ್ಟು ಚೆಂದ ಇದೆ ನೋಡು” ಅಂದ ಗಂಡ.

“ಚೆಂದ ಇದೆ. ಆದರೆ ಮನೆಗಳೇ ಇಲ್ಲವಲ್ಲ. ಜನ ಎಲ್ಲಿ ಹೋದರು?” ಅಂದಳು ಹೆಂಡತಿ.

ಆರ್ಡ್‌ಗೇಯಿಂದ ಸುಮಾರು 16 ಕಿಲೋಮೀಟರ್ ಹೋದರೆ ಕ್ರೋಯಿಕ್ ಎಂಬ ಜಾಗ. ಅಲ್ಲೊಂದು ಚಿಕ್ಕ ಕಲ್ಲಿನ ಚರ್ಚು. ಅದರ ಒಂದು ಕಿಟಕಿಯ ಗಾಜು ಗಾಳಿಪಟದ ಆಕಾರದ ಚಿಕ್ಕ ಚಿಕ್ಕ ತುಂಡು. ಗಾಜಿನ ಮೇಲೆ ಏನೋ ಗೀಚಿದೆ. ಹೆಂಡತಿ ಬಗ್ಗಿ ಓದಿದಳು. ಗ್ಲೆನ್‌ಕಾಲ್ವಿ ಎಂಬ ಹೆಸರು. 1845 ಎಂಬ ವರ್ಷ. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಗ್ಲೆನ್‌ಕಾಲ್ವಿ ಹತ್ತಿರದ ಒಂದು ಕಣಿವೆ. ಅಲ್ಲಿ 18 ಕುಟುಂಬ ಬಾಳುತ್ತಿದ್ದವು. ಭೂಮಿ ಒಡೆಯರದು, ದುಡಿಮೆ ಇವರದು. ಗೇಣಿ ಬಾಕಿ ಇರಲಿಲ್ಲ. ಆದರೆ ಆ ಕಾಲದಲ್ಲಿ ಕುರಿ ಸಾಕುವ ದೊಡ್ಡ ಸಾಹುಕಾರರು ಹೆಚ್ಚು ಹಣ ಕೊಡುತ್ತಿದ್ದರು. ಸಣ್ಣ ರೈತರನ್ನು ಬಿಡಿಸಿದರೆ ಒಡೆಯರಿಗೆ ಲಾಭ. ಸ್ಕಾಟ್ಲೆಂಡಿನ ಉತ್ತರದಲ್ಲಿ ಹೀಗೆ ಎಷ್ಟೋ ಕಣಿವೆ ಖಾಲಿಯಾದವು. ಎಷ್ಟೋ ಜನ ಹಡಗು ಹತ್ತಿ ಕೆನಡಾಕ್ಕೆ ಹೋದರು.

ಗ್ಲೆನ್‌ಕಾಲ್ವಿಯವರು ಸುಮ್ಮನೆ ಬಿಡಲಿಲ್ಲ. ಮೊದಲ ಸಲ ಪೊಲೀಸರು ನೋಟೀಸು ತಂದಾಗ ಹೆಂಗಸರು ಊರ ಗಡಿಯಾಚೆಗೇ ಹೋಗಿ ತಡೆದರು. ನೋಟೀಸು ಹಿಡಿದವನ ಕೈಯನ್ನು ಕೆಲವರು ಗಟ್ಟಿಯಾಗಿ ಹಿಡಿದುಕೊಂಡರು. ಉಳಿದವರು ಕೆಂಡ ತಂದು ಕಾಗದಕ್ಕೆ ಇಟ್ಟರು. ನೋಟೀಸು ಸುಟ್ಟು ಬೂದಿ. ಧೈರ್ಯ ಅಂದರೆ ಅದು! ಆದರೆ ಹೊಸ ನೋಟೀಸು ಬಂತು.

1845ರ ಮೇ ತಿಂಗಳಲ್ಲಿ ಅವರು ಮನೆ ಬಿಡಲೇಬೇಕಾಯಿತು. ಸುಮಾರು 80 ಜನ ಈ ಚರ್ಚಿನ ಅಂಗಳಕ್ಕೆ ಬಂದರು. ಗೋರಿಗಳ ನಡುವೆ ಗಳು ನೆಟ್ಟು, ಕಂಬಳಿ ಹೊದಿಸಿ, ಮಕ್ಕಳ ಜೊತೆ ಮಲಗಿದರು. ಲಂಡನ್ನಿನ ಟೈಮ್ಸ್ ಪತ್ರಿಕೆಯವರು ಬಂದು ನೋಡಿ ಸುದ್ದಿ ಬರೆದರು. ಆದರೂ ಮನೆ ವಾಪಸ್ ಸಿಗಲಿಲ್ಲ.

ಆಗಲೇ ಯಾರೋ ಗಾಜಿನ ಮೇಲೆ ಗೀಚಿದ್ದು. ಗ್ಲೆನ್‌ಕಾಲ್ವಿಯ ಜನ ಇಲ್ಲಿದ್ದರು ಎಂದು ಬರೆದರು. ಅವರ ಮನೆಮಾತು ಗೇಲಿಕ್. ಬರೆದದ್ದು ಇಂಗ್ಲಿಷಿನಲ್ಲಿ. ಹೊರಗಿನವರೂ ಓದಲಿ ಅಂತ ಇರಬಹುದು. ಒಂದು ಗಾಜಿನ ಮೇಲೆ ಮಾತ್ರ ತಮ್ಮನ್ನೇ ಕೆಟ್ಟ ಜನ ಎಂದು ಬರೆದುಕೊಂಡಿದ್ದಾರೆ. ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ತಿಳಿದರೋ ಏನೋ. ಮನೆ ಬಿಡಿಸಿದವರು ಬೇರೆ. ಪಾಪ ಇವರದು ಹೇಗಾಗುತ್ತೆ?

ಮುಂದೆ ಸ್ಕೈ ಎಂಬ ದ್ವೀಪದ ಗೇಣಿದಾರರು ಎದ್ದು ನಿಂತರು. 1882ರಲ್ಲಿ ಅಲ್ಲಿನ ಬ್ರೇಸ್ ಎಂಬ ಕಡೆ ಹೆಂಗಸರೂ ಗಂಡಸರೂ ಕಲ್ಲು ಹಿಡಿದು ಪೊಲೀಸರನ್ನು ಎದುರಿಸಿದರು. ಸರ್ಕಾರ ವಿಚಾರಣೆ ನಡೆಸಿತು. 1886ರಲ್ಲಿ ಕಾನೂನು ಬಂತು. ಗೇಣಿ ಕೊಡುತ್ತಿರುವ ಸಣ್ಣ ರೈತರನ್ನು ಒಡೆಯರು ತಮಗೆ ಬೇಕಾದಾಗ ಹೊರಗೆ ಹಾಕುವಂತಿಲ್ಲ ಎಂದಾಯಿತು. ಆ ಹಕ್ಕು ಮನೆಯ ವಾರಸುದಾರರಿಗೂ ಸಿಕ್ಕಿತು. ಗ್ಲೆನ್‌ಕಾಲ್ವಿ ಖಾಲಿಯಾಗಿ ಆಗ 41 ವರ್ಷ ಕಳೆದಿತ್ತು.

ಬರೆಯಿರಿ: ಅವರು ಗಾಜಿನ ಮೇಲೆ ಊರಿನ ಹೆಸರು, ತಿಂಗಳು, ವರ್ಷ ಬರೆದರು. ನೀವು ನಿಮ್ಮ ಪುಸ್ತಕದಲ್ಲಿ ನಿಮ್ಮ ಹೆಸರು, ನಿಮ್ಮ ಊರು, ಇವತ್ತಿನ ತಾರೀಖು ಬರೆಯಿರಿ.